ತುಟಿಯ ಮೇಲಿನ ನೀಲಿ ಗುಳ್ಳೆ: ನಾನು ನೋಡುವ, ತೆಗೆಯುವ, ಬರೆದಿಡುವ ರೀತಿ

ಕೆಳತುಟಿಯ ಮೇಲೆ ಕಪ್ಪು-ನೀಲಿ ಗುಳ್ಳೆ ಎದ್ದು ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಡಾಕ್ಟ್ರೇ, ಇದು ಕ್ಯಾನ್ಸರ್ ಅಲ್ವಲ್ಲ?" ಎಲೆ ಅಡಿಕೆ, ಗುಟ್ಕಾ, ಬೀಡಿ ಎಲ್ಲ ಇರುವ ಮಲೆನಾಡಿನಲ್ಲಿ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಬಾಯಿ ಕ್ಯಾನ್ಸರ್ ಆದ ಒಬ್ಬ ನೆಂಟರನ್ನಾದರೂ ಎಲ್ಲರೂ ನೋಡಿರುತ್ತಾರೆ. ನಾನು ಶಿವಮೊಗ್ಗದ ಕಡೆ ಚರ್ಮರೋಗದ ವೈದ್ಯ. ಇಂಥ ಗುಳ್ಳೆ ತೋರಿಸಲು ಬರುವ ವಯಸ್ಸಾದವರಲ್ಲಿ ಜಾಸ್ತಿ ಜನರದ್ದು ವೀನಸ್ ಲೇಕ್. ಚರ್ಮದ ಮೇಲ್ಪದರದ ಕೆಳಗಿರುವ ಸಣ್ಣ ರಕ್ತನಾಳ ಹಿಗ್ಗಿ, ಅದರಲ್ಲಿ ರಕ್ತ ನಿಂತಿರುತ್ತದೆ, ಅಷ್ಟೇ. ಬಣ್ಣ ಥೇಟ್ ನೇರಳೆ ಹಣ್ಣಿನದು. ಬೀನ್ ಮತ್ತು ವಾಲ್ಶ್ ಎಂಬ ಅಮೆರಿಕದ ವೈದ್ಯರು 1956ರಲ್ಲಿ ಇದನ್ನು ವಿವರಿಸಿದರು. ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿಕೊಂಡ ಜಾಗಗಳಲ್ಲಿ, ಅಂದರೆ ಕೆಳತುಟಿ, ಕಿವಿ, ಮುಖದಲ್ಲಿ ಬರುತ್ತದೆ. ತೋಟ, ಗದ್ದೆಯಲ್ಲಿ ಜೀವನ ಕಳೆದವರಲ್ಲಿ ಕಂಡರೆ ಆಶ್ಚರ್ಯವೇನಿಲ್ಲ.

ಆದರೆ ಬಣ್ಣ ನೋಡಿ ಹೆಸರು ಇಡಬಾರದು. ನಾನು ಮೊದಲು ಗ್ಲೌಸ್ ಹಾಕಿ ಬೆರಳ ತುದಿಯನ್ನು ಅದರ ಮೇಲೆ ಹಗುರವಾಗಿ ಇಡುತ್ತೇನೆ. ಒತ್ತುವುದಿಲ್ಲ, ಸುಮ್ನೆ ಇಟ್ಟು ಕಾಯುತ್ತೇನೆ. ನಾಡಿಯ ಹಾಗೆ ಬಡಿಯುತ್ತಿದೆಯಾ? ಬಡಿದರೆ ಸೂಜಿ, ಬ್ಲೇಡ್ ಎರಡೂ ಟ್ರೇಗೆ ವಾಪಸ್. ಕೆಲವರಲ್ಲಿ ತುಟಿಯ ದೊಡ್ಡ ಧಮನಿ ಸಣ್ಣದಾಗದೆ ಹಾಗೇ ಮೇಲೆ ಬಂದಿರುತ್ತದೆ. ಹೊರಗಿನಿಂದ ನೋಡಿದರೆ ಸಣ್ಣ ಗಂಟು. ಗೊತ್ತಿಲ್ಲದೆ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ ತುಂಡು ತೆಗೆಯಲು, ಕೈ ಹಾಕಿದರೆ ರಕ್ತ ಚಿಮ್ಮುತ್ತದೆ. ಧಮನಿ ಮತ್ತು ಅಭಿಧಮನಿ ನೇರವಾಗಿ ಸೇರಿಕೊಂಡ ಗಂಟೂ ಹೀಗೇ ಬಡಿಯುತ್ತದೆ. ಇಂಥವರನ್ನು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ಗೆ ಕಳಿಸುತ್ತೇನೆ.

ಬಡಿತ ಇಲ್ಲದಿದ್ದರೆ ಮುಂದಿನ ಸಾಧನ ಒಂದು ಗಾಜಿನ ಸ್ಲೈಡ್. ಲ್ಯಾಬಿನಲ್ಲಿ ರಕ್ತ ಸವರುವ ಅದೇ ಸ್ಲೈಡ್, ಎರಡು ರೂಪಾಯಿಯೂ ಇರಲಿಕ್ಕಿಲ್ಲ. ಗುಳ್ಳೆಯ ಮೇಲೆ ಅದನ್ನಿಟ್ಟು ನಿಧಾನವಾಗಿ ಒತ್ತುತ್ತೇನೆ. ವೀನಸ್ ಲೇಕ್ ಆದರೆ ನೀಲಿ ಬಣ್ಣ ಅಂಚಿನಿಂದ ಕರಗುತ್ತಾ ಹೋಗಿ, ಗುಳ್ಳೆ ಚಪ್ಪಟೆಯಾಗಿ, ಸುತ್ತಲಿನ ತುಟಿಯ ಬಣ್ಣಕ್ಕೆ ಬರುತ್ತದೆ. ಸ್ಲೈಡ್ ಎತ್ತಿದರೆ ಕೆಲವೇ ಕ್ಷಣಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಇದನ್ನು ರೋಗಿಯ ಕೈಗೆ ಕನ್ನಡಿ ಕೊಟ್ಟು ತೋರಿಸುತ್ತೇನೆ. ಅರ್ಧ ಗಂಟೆ ಮಾತಿನಲ್ಲಿ ಬಾರದ ಸಮಾಧಾನ ಅದರಿಂದ ಬರುತ್ತದೆ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪಿನಲ್ಲೂ ನೋಡುತ್ತೇನೆ: ಒಳಗೆ ಯಾವ ಗೆರೆ, ಜಾಲವೂ ಇಲ್ಲದ ಒಂದೇ ಸಮನಾದ ನೀಲಿ-ನೇರಳೆ ಬಣ್ಣ ಕಾಣಬೇಕು.

ಒತ್ತಿದರೂ ಬಣ್ಣ ಹೋಗದಿದ್ದರೆ ಆಟ ಬೇರೆ. ಒಳಗಿನ ರಕ್ತ ಹೆಪ್ಪುಗಟ್ಟಿದ ವೀನಸ್ ಲೇಕ್ ಇರಬಹುದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಕೂಡ ಇರಬಹುದು. ಎರಡನ್ನೂ ಊಹೆಯ ಮೇಲೆ ಬಿಡಲು ಆಗುವುದಿಲ್ಲ, ಬಯಾಪ್ಸಿ ಆಗಲೇಬೇಕು. ಹರೆಯದವರ ಕೆಳತುಟಿಯ ಒಳಗಡೆ ನೀಲಿ ಛಾಯೆಯ, ಕೆಲವು ದಿನ ದೊಡ್ಡದಾಗಿ ಕೆಲವು ದಿನ ಇಳಿದುಹೋಗುವ ಗುಳ್ಳೆ ಇದ್ದರೆ ಅದು ಸಾಮಾನ್ಯವಾಗಿ ಮ್ಯೂಕೋಸೀಲ್. ತುಟಿ ಕಚ್ಚಿಕೊಂಡು ಜೊಲ್ಲಿನ ಸಣ್ಣ ಗ್ರಂಥಿಯ ಕೊಳವೆ ಒಡೆದು ಆದದ್ದು. ಅದು ರಕ್ತನಾಳದ ಕಾಯಿಲೆಯೇ ಅಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ನಾನು ಯಾರಿಗೂ ಕೇಳದೆ ಬಿಡುವುದಿಲ್ಲ: "ಮೂಗಿನಿಂದ ಆಗಾಗ ರಕ್ತ ಬರುತ್ತಾ? ಮನೆಯಲ್ಲಿ ಬೇರೆ ಯಾರಿಗಾದರೂ?" ತುಟಿ, ನಾಲಿಗೆ, ಬೆರಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಹಲವಾರಿದ್ದು, ಮೂಗಿನ ರಕ್ತಸ್ರಾವವೂ ಇದ್ದು, ಅಪ್ಪ ಅಮ್ಮ ಅಥವಾ ಒಡಹುಟ್ಟಿದವರಿಗೂ ಇದೇ ಕಾಯಿಲೆ ಇದ್ದರೆ ಅದು ವಂಶದಲ್ಲಿ ಬರುವ ಆಸ್ಲರ್-ವೆಬರ್-ರಾಂಡೂ ಕಾಯಿಲೆ. ಶ್ವಾಸಕೋಶ, ಮಿದುಳು, ಲಿವರಿನಲ್ಲೂ ರಕ್ತನಾಳ ಕೆಟ್ಟಿರಬಹುದು. ಆಗ ತುಟಿಯ ಚುಕ್ಕೆ ಸುಡುವುದು ದೊಡ್ಡ ಕೆಲಸವಲ್ಲ, ಉಳಿದದ್ದನ್ನು ಹುಡುಕುವುದು ದೊಡ್ಡ ಕೆಲಸ.

ಇನ್ನು ಚಿಕಿತ್ಸೆ. ವೀನಸ್ ಲೇಕ್‌ಗೆ ಚಿಕಿತ್ಸೆ ಬೇಕೇ ಬೇಕು ಅಂತೇನಿಲ್ಲ. ಬಹಳ ಜನ ಕ್ಯಾನ್ಸರ್ ಅಲ್ಲ ಎಂದು ಕೇಳಿ ಎದ್ದು ಹೋಗುತ್ತಾರೆ. ಹಾಗೇ ಹೋಗಲಿ, ನನಗೂ ಅದೇ ಇಷ್ಟ. ಊಟ ಮಾಡುವಾಗ ಹಲ್ಲಿಗೆ ಸಿಕ್ಕಿ ರಕ್ತ ಬರುತ್ತಿದ್ದರೆ, ಶೇವಿಂಗ್‌ನಲ್ಲಿ ಕಿತ್ತು ಬರುತ್ತಿದ್ದರೆ, ಅಥವಾ ನೋಡಿದವರೆಲ್ಲ "ತುಟಿಗೇನಾಯ್ತು" ಎಂದು ಕೇಳಿ ಬೇಸರವಾಗಿದ್ದರೆ ತೆಗೆಯುತ್ತೇನೆ.

ನನ್ನ ಕೈಗೆ ಒಗ್ಗಿದ್ದು ಇಂಜೆಕ್ಷನ್. ಪೊಲಿಡೋಕನಾಲ್ ಎಂಬ, ರಕ್ತನಾಳವನ್ನು ಒಳಗಿನಿಂದ ಮುಚ್ಚಿಸುವ ಔಷಧ, 1 ಪರ್ಸೆಂಟ್‌ಗೆ ತೆಳು ಮಾಡಿದ್ದು. ಇದಕ್ಕೆ ಒಪ್ಪಿಗೆ ಇರುವುದು ಕಾಲಿನ ಉಬ್ಬಿದ ರಕ್ತನಾಳಗಳಿಗೆ, ತುಟಿಗೆ ಬಳಸುವಾಗ ಅದನ್ನು ರೋಗಿಗೆ ಹೇಳಿಯೇ ಮುಂದುವರಿಯುತ್ತೇನೆ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಹಿಂದೆ ರಕ್ತ ಹೆಪ್ಪುಗಟ್ಟಿದ ಕಾಯಿಲೆ ಇದ್ದವರಿಗೆ ಮಾಡುವುದಿಲ್ಲ. ಅಲರ್ಜಿ ಆದರೆ ಎಂದು ಅಡ್ರಿನಲಿನ್ ಪಕ್ಕದಲ್ಲೇ ಇರುತ್ತದೆ.

ಇನ್ಸುಲಿನ್ ಸಿರಿಂಜ್ ಸಾಕು. ಸೂಜಿಯನ್ನು ನೇರ ಗುಳ್ಳೆಯ ನೆತ್ತಿಗೆ ಚುಚ್ಚಿದರೆ ಔಷಧ, ರಕ್ತ ಎರಡೂ ಅದೇ ತೂತಿನಿಂದ ಹೊರಗೆ ಬರುತ್ತವೆ. ಹಾಗಾಗಿ ಪಕ್ಕದ ಚೆನ್ನಾಗಿರುವ ಜಾಗದಿಂದ ಓರೆಯಾಗಿ ಒಳಗೆ ಹೋಗುತ್ತೇನೆ. ಎಡಗೈಯ ಎರಡು ಬೆರಳಿನಲ್ಲಿ ಗುಳ್ಳೆಯ ಎರಡೂ ಕಡೆ ತುಟಿಯನ್ನು ಹಿಡಿದಿರುತ್ತೇನೆ. ಔಷಧ ಅಲ್ಲೇ ನಿಲ್ಲಬೇಕು, ರಕ್ತದ ಜೊತೆ ಹರಿದು ಹೋಗಬಾರದು. ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದಾಗ ಸಿರಿಂಜಿಗೆ ಕಡು ಬಣ್ಣದ ರಕ್ತ ಬಂದರೆ ಸರಿಯಾದ ಜಾಗದಲ್ಲಿದ್ದೇನೆ ಎಂದರ್ಥ. ಆಮೇಲೆ ಬಹಳ ನಿಧಾನವಾಗಿ, 0.1ರಿಂದ 0.3 ಎಂಎಲ್ ಒಳಗೆ, ಗುಳ್ಳೆ ಬಿಳಿಚುವ ತನಕ ಮಾತ್ರ ಬಿಡುತ್ತೇನೆ. ಬಿಳಿಚಿದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ಹೋದರೆ, ಅಥವಾ ಧಮನಿಗೆ ಹೋದರೆ ತುಟಿಯ ಆ ತುಂಡು ಸತ್ತು ಹುಣ್ಣಾಗುತ್ತದೆ. ನಂತರ ಗಾಜ್ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯುವುದು.

ಮನೆಗೆ ಕಳಿಸುವ ಮುಂಚೆ ಒಂದು ಮಾತು ಹೇಳದಿದ್ದರೆ ಮರುದಿನ ಬೆಳಿಗ್ಗೆ ಫೋನ್ ಖಂಡಿತ: ತುಟಿ ಊದುತ್ತದೆ. ಎರಡು ಮೂರು ದಿನ ಜೇನು ಕಚ್ಚಿಸಿಕೊಂಡವರ ಹಾಗೆ ಕಾಣುತ್ತಾರೆ. ಮದುವೆ ಮನೆಗೆ ಹೋಗುವುದಿದ್ದರೆ ಮುಗಿಸಿಕೊಂಡೇ ಬನ್ನಿ ಅನ್ನುತ್ತೇನೆ. ಗುಳ್ಳೆ ಮೊದಲು ಗಟ್ಟಿಯಾಗಿ ಕಪ್ಪಾಗುತ್ತದೆ, ಕೆಲವು ವಾರದಲ್ಲಿ ಕುಗ್ಗುತ್ತದೆ. ಉಳಿದರೆ ಇನ್ನೊಂದು ಸಲ ಇಂಜೆಕ್ಷನ್.

ದೊಡ್ಡ ಊರುಗಳಲ್ಲಿ ಇದೇ ಕೆಲಸಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಬಳಸುತ್ತಾರೆ. ಫಲಿತಾಂಶ ತುಂಬಾ ಚೆನ್ನಾಗಿರುತ್ತದೆ, ಎಷ್ಟೋ ಸಲ ಒಂದೇ ಸಿಟ್ಟಿಂಗ್. ಈ ಕಿರಣ ಆಳಕ್ಕೆ ಇಳಿಯುತ್ತದೆ. ಹುಟ್ಟಿನಿಂದ ಬರುವ ಕೆಂಪು ಮಚ್ಚೆಗಳಿಗೆ ಬಳಸುವ 595 ನ್ಯಾನೋಮೀಟರಿನ ಡೈ ಲೇಸರ್ ಅಷ್ಟು ಆಳ ಹೋಗುವುದಿಲ್ಲ, ದಪ್ಪ ಗುಳ್ಳೆಗೆ ಅದು ಸಾಲದು. ಲೇಸರ್ ಮಾಡುವಾಗ ತುಟಿ ಮತ್ತು ಹಲ್ಲಿನ ನಡುವೆ ಒದ್ದೆ ಗಾಜ್ ಇಡಬೇಕು. ಸ್ಟೀಲ್ ಚಮಚ ಅಲ್ಲ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಗುಳ್ಳೆ ಕಪ್ಪಾಗಿ ಸ್ವಲ್ಪ ಕುಗ್ಗಿತು ಅಂದರೆ ಸಾಕು. ಪೂರ್ತಿ ಮಾಯವಾಗುವ ತನಕ ಹೊಡೆದರೆ ತುಟಿಯಲ್ಲಿ ಕುಳಿ ಬೀಳುತ್ತದೆ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ದಾರಿಯೂ ಇದೆ. ನಮ್ಮ ಬಣ್ಣದ ತುಟಿಯಲ್ಲಿ ಅದು ಬಿಡುವ ಬಿಳಿ ಕಲೆ ಎದ್ದು ಕಾಣುತ್ತದೆ, ಹಾಗಾಗಿ ನನಗೆ ಅದು ಇಷ್ಟವಿಲ್ಲ.

ಕತ್ತರಿಸಲೇಬೇಕಾದರೆ ಒಂದು ನಿಯಮ ತಪ್ಪಿಸುವುದಿಲ್ಲ. ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಗೆರೆಯನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಪೆನ್ನಿನಲ್ಲಿ ಗುರುತು ಮಾಡುವುದು. ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಉಬ್ಬಿ ಗೆರೆ ಕಳೆದುಹೋಗುತ್ತದೆ. ಹೊಲಿಗೆಯಲ್ಲಿ ಅದು ಒಂದು ಮಿಲಿಮೀಟರ್ ಏರುಪೇರಾದರೂ ಎದುರಿಗೆ ಕೂತು ಮಾತಾಡುವವರಿಗೆ ಕಾಣುತ್ತದೆ.

ಕೆಂಪಗೆ, ಹಸಿ ಮಾಂಸದ ಹಾಗೆ, ಕೆಲವೇ ವಾರದಲ್ಲಿ ಬೆಳೆದು, ಬ್ರಷ್ ತಾಗಿದರೂ ರಕ್ತ ಸುರಿಯುವ ಗಂಟು ಬೇರೆಯದೇ. ಅದು ಪಯೋಜೆನಿಕ್ ಗ್ರಾನ್ಯುಲೋಮ. ಗರ್ಭಿಣಿಯರಲ್ಲಿ ಬರುವುದುಂಟು. ಹೆರಿಗೆಯ ನಂತರ ತಾನೇ ಕುಗ್ಗಬಹುದು, ಹಾಗಾಗಿ ತೀರಾ ರಕ್ತ ಹೋಗದಿದ್ದರೆ ಕಾಯುತ್ತೇವೆ. ಉಳಿದವರಿಗೆ ಬುಡದ ತನಕ ತೆಗೆದು, ಬುಡವನ್ನು ಸುಟ್ಟು, ತೆಗೆದ ತುಂಡನ್ನು ತಪ್ಪದೆ ಪೆಥಾಲಜಿಗೆ ಕಳಿಸುತ್ತೇನೆ. ಬಣ್ಣವಿಲ್ಲದ ಮೆಲನೋಮ ಇದೇ ವೇಷದಲ್ಲಿ ಬರುತ್ತದೆ. ಬುಡ ಉಳಿದರೆ ಗಂಟು ವಾಪಸ್. ಚಿಕ್ಕ ಗಂಟಿಗೆ ಅಡುಗೆ ಉಪ್ಪನ್ನು ಕಟ್ಟಿ ಒಣಗಿಸುವ ವಿಧಾನವನ್ನು ನಮ್ಮ ದೇಶದ ಚರ್ಮವೈದ್ಯರೇ ವರದಿ ಮಾಡಿದ್ದಾರೆ. ಕೈ ಬೆರಳಿಗೆ ಚೆನ್ನಾಗಿದೆ. ತುಟಿಯ ಮೇಲೆ ಉಪ್ಪು ನಿಲ್ಲುವುದು ಕಷ್ಟ, ಅಲ್ವಾ? ಸುಣ್ಣ ಹಚ್ಚಿಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಬೇಡ. ಸುಟ್ಟ ಗಾಯದ ಮೇಲೆ ಏನನ್ನೂ ಗುರುತಿಸಲು ಆಗುವುದಿಲ್ಲ.

ಹಸುಗೂಸಿನ ತುಟಿಯಲ್ಲಿ ಹುಟ್ಟಿದಾಗ ಇಲ್ಲದೆ, ಮೊದಲ ವಾರಗಳಲ್ಲಿ ಕಾಣಿಸಿಕೊಂಡು ಬೇಗ ಬೇಗ ಬೆಳೆಯುವ ಕೆಂಪು ಗಂಟೇ ನಿಜವಾದ ಹೆಮಾಂಜಿಯೋಮ, ಅಂದರೆ ರಕ್ತನಾಳದ ಗಡ್ಡೆ. "ತಾನೇ ಹೋಗುತ್ತೆ, ಕಾಯಿರಿ" ಎಂಬ ಹಳೆಯ ಸಲಹೆ ತುಟಿಗೆ ಸಲ್ಲದು. ಅಲ್ಲಿ ಹುಣ್ಣಾಗುತ್ತದೆ, ಮಗು ಹಾಲು ಕುಡಿಯುವುದಿಲ್ಲ, ತುಟಿಯ ಆಕಾರ ಕೆಡುತ್ತದೆ. 2008ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು, ಹೃದಯಕ್ಕೆಂದು ಕೊಟ್ಟ ಪ್ರೊಪ್ರನಲಾಲ್‌ನಿಂದ ಹೆಮಾಂಜಿಯೋಮ ಕರಗಿದ್ದನ್ನು ಪ್ರಕಟಿಸಿದರು. ಈಗ ಅದೇ ಮೊದಲ ಔಷಧ. ನಾನು ಮಕ್ಕಳ ವೈದ್ಯರ ಜೊತೆ ಸೇರಿಯೇ ಶುರು ಮಾಡುತ್ತೇನೆ. ಹೃದಯ ಬಡಿತ, ಸಕ್ಕರೆ ಅಂಶ ನೋಡಿಕೊಳ್ಳಬೇಕು, ಹಾಲು ಕುಡಿಸದೆ ಔಷಧ ಹಾಕಬಾರದು. ಗಡ್ಡ ಬರುವ ಜಾಗದುದ್ದಕ್ಕೂ ಹರಡಿದ್ದರೆ ಗಂಟಲಲ್ಲೂ ಇರಬಹುದು, ಮಗುವಿನ ಉಸಿರಾಟದ ಸದ್ದನ್ನು ಕಿವಿಗೊಟ್ಟು ಕೇಳಬೇಕು.

ಕಡೆಗೆ ಕೋಡ್, ಅಂದರೆ ದಾಖಲೆಗೆ, ವಿಮೆಗೆ ಪ್ರತಿ ಕಾಯಿಲೆಗೂ ಬರೆಯುವ ಐಸಿಡಿ-10 ಸಂಖ್ಯೆ. ನಮ್ಮ ವೈದ್ಯರಿಗೆ ಅತಿ ಬೇಸರದ ಕೆಲಸ ಇದು. ತುಟಿಯ ನೀಲಿ, ಕೆಂಪು ಎಲ್ಲದಕ್ಕೂ "ಹೆಮಾಂಜಿಯೋಮ, ಡಿ18.0" ಎಂದು ಗೀಚಿ ಮುಗಿಸುವವರೇ ಜಾಸ್ತಿ. ಆದರೆ ಜೀವಕೋಶಗಳು ಹುಲುಸಾಗಿ ಬೆಳೆಯುವ ಗಡ್ಡೆಯೇ ಬೇರೆ, ನಾಳದ ಆಕಾರವೇ ಕೆಟ್ಟಿರುವುದು ಬೇರೆ ಎಂದು ಅಮೆರಿಕದ ಸಂಶೋಧಕರಾದ ಮಲಿಕನ್ ಮತ್ತು ಗ್ಲೊವಾಕಿ 1982ರಲ್ಲೇ ತೋರಿಸಿಕೊಟ್ಟಿದ್ದಾರೆ. ವೀನಸ್ ಲೇಕ್ ಹಿಗ್ಗಿದ ನಾಳ, ನಾನು ಅದಕ್ಕೆ ಐ86.8 ಬರೆಯುತ್ತೇನೆ. ಪಯೋಜೆನಿಕ್ ಗ್ರಾನ್ಯುಲೋಮ ಚರ್ಮದ ಮೇಲಿದ್ದರೆ ಎಲ್98.0, ಬಾಯಿಯ ಒಳಪದರದಲ್ಲಿದ್ದರೆ ಕೆ13.4. ಮ್ಯೂಕೋಸೀಲ್ ಕೆ11.6. ಮೂಗಿನ ರಕ್ತದ ಆ ವಂಶದ ಕಾಯಿಲೆ ಐ78.0. ಬಯಾಪ್ಸಿ ವರದಿ ಬಾರದೆ ಡಿ37 ಬರೆಯುವುದು ದೊಡ್ಡ ತಪ್ಪು. ಸ್ವಭಾವ ಅನಿಶ್ಚಿತ ಎಂದು ಹೇಳಬೇಕಾದವರು ಪೆಥಾಲಜಿಯವರು, ನಮ್ಮ ಅನುಮಾನಕ್ಕೆ ಆ ಕೋಡ್ ಅಲ್ಲ.

ವಿಮೆಗೂ ಇದು ಮುಖ್ಯ. ನಮ್ಮ ಪಾಲಿಸಿಗಳಲ್ಲಿ ಅಂದಕ್ಕಾಗಿ ಮಾಡುವ ಚಿಕಿತ್ಸೆ ಹೊರಗಿರುತ್ತದೆ. ಪದೇ ಪದೇ ರಕ್ತ ಬರುತ್ತಿತ್ತು, ಊಟಕ್ಕೆ ತೊಂದರೆ ಇತ್ತು ಎಂಬುದು ನಿಜವಿದ್ದರೆ ಮೊದಲ ದಿನದ ಚೀಟಿಯಲ್ಲೇ ಬರೆದಿರಬೇಕು. ನಿಜವಲ್ಲದಿದ್ದರೆ ಬರೆಯಬಾರದು. ಕೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ.

ನಮ್ಮೂರಿನ ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಇಂಥ ಕೋಡ್ ಬರೆಯುವ ಕೆಲಸ ಮಾಡುತ್ತಾಳೆ. ಆಗಾಗ ಫೋನ್ ಮಾಡಿ ತಲೆ ತಿನ್ನುತ್ತಾಳೆ. ಅಲ್ಲಿ ಚಿಕಿತ್ಸೆಗೂ ಬೇರೆ ಕೋಡ್: ಚರ್ಮದ ರಕ್ತನಾಳದ ಗಂಟನ್ನು ಲೇಸರ್‌ನಿಂದ ಸುಟ್ಟರೆ 17106, ತುಟಿಯ ಒಳಪದರದಲ್ಲಿ ಸುಟ್ಟರೆ 40820, ತುಟಿಯ ಮೇಲಿನ ನಿರಪಾಯದ ಗಂಟನ್ನು ಅರ್ಧ ಸೆಂಟಿಮೀಟರ್ ಒಳಗೆ ಕತ್ತರಿಸಿದರೆ 11440, ಅದಕ್ಕಿಂತ ದೊಡ್ಡದಾಗಿ ಒಂದು ಸೆಂಟಿಮೀಟರ್ ತನಕ 11441. ಅಳತೆಗೆ ಗಂಟಿನ ಜೊತೆ ತೆಗೆಯುವ ಸುತ್ತಲಿನ ಚೆನ್ನಾಗಿರುವ ಅಂಚನ್ನೂ ಸೇರಿಸಬೇಕು, ಅದೂ ಕತ್ತರಿಸುವ ಮೊದಲು ಅಳೆದಿರಬೇಕು. "ತುಟಿ ಗಂಟು ತೆಗೆದೆ ಅಂತ ಒಂದೇ ಸಾಲು ಬರೆದಿದ್ದಾರೆ ಸರ್, ಒಳಗಾ ಹೊರಗಾ, ಎಷ್ಟು ದೊಡ್ಡದು, ಏನೂ ಇಲ್ಲ" ಎಂದು ಅವಳ ಗೋಳು. ಅವಳ ಕಾಟಕ್ಕೋ ಏನೋ, ನನ್ನ ಟ್ರೇಯಲ್ಲೂ ಒಂದು ಪ್ಲಾಸ್ಟಿಕ್ ಸ್ಕೇಲ್ ಬಂದು ಕೂತಿದೆ. ಫೋಟೋ ತೆಗೆಯುವಾಗ ಅದನ್ನು ತುಟಿಯ ಪಕ್ಕ ಹಿಡಿಯುತ್ತೇನೆ. ಎಡವೋ ಬಲವೋ, ಮೇಲೋ ಕೆಳಗೋ, ಗೆರೆಯ ಹೊರಗೋ ಒಳಗೋ, ಎಷ್ಟು ಮಿಲಿಮೀಟರ್, ಒತ್ತಿದಾಗ ಬಣ್ಣ ಹೋಯಿತೋ ಇಲ್ಲವೋ: ಇಷ್ಟನ್ನು ರೋಗಿ ಕುರ್ಚಿಯಿಂದ ಏಳುವ ಮೊದಲೇ ಬರೆದುಬಿಡುತ್ತೇನೆ.