ಮಾಜಿ ಸೈನಿಕರ ಮನೆಗೆ ಸೇವಾಶ್ವಾನ: ಮೊದಲು ಕೆಲಸ ಗೊತ್ತುಮಾಡಿ, ಆಮೇಲೆ ನಾಯಿ ಹುಡುಕಿ

ಅಮೆರಿಕದಲ್ಲಿ ಮಾಜಿ ಸೈನಿಕರೊಬ್ಬರಿಗೆ ಸೇವಾಶ್ವಾನ ತರಬೇಕೆಂದು ಮನೆಯವರು ಯೋಚಿಸತೊಡಗಿದಾಗ ಮಾತು ಸಾಮಾನ್ಯವಾಗಿ ತಳಿಯಿಂದಲೇ ಆರಂಭವಾಗುತ್ತದೆ. ಲ್ಯಾಬ್ರಡಾರ್ ಒಳ್ಳೆಯದೋ ಜರ್ಮನ್ ಶೆಫರ್ಡ್ ಒಳ್ಳೆಯದೋ ಎಂಬ ಚರ್ಚೆಗೆ ಅವಸರವಿಲ್ಲ. ಅದಕ್ಕೂ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಂಡು, ದಿನದ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಆ ವ್ಯಕ್ತಿಗೆ ಏನು ಕಷ್ಟವಾಗುತ್ತದೆ ಎಂಬುದನ್ನು ಕೆಲವು ವಾರ ಬರೆದಿಡಿ. ನಡುರಾತ್ರಿ ಕೆಟ್ಟ ಕನಸಿನಿಂದ ಬೆವೆತು ಏಳುವುದು, ಅಂಗಡಿಯ ಸಾಲಿನಲ್ಲಿ ಬೆನ್ನ ಹಿಂದೆ ಯಾರಾದರೂ ನಿಂತರೆ ಎದೆ ಹೊಡೆದುಕೊಳ್ಳುವುದು, ಕೃತಕ ಕಾಲಿನಿಂದಾಗಿ ಬಗ್ಗಿ ಬೀಗದ ಕೈ ಎತ್ತಿಕೊಳ್ಳಲಾಗದಿರುವುದು, ಮಾತ್ರೆಯ ಹೊತ್ತು ಮರೆಯುವುದು, ಹೀಗೆ ಒಂದೊಂದನ್ನೂ ಬಿಡದೆ ಬರೆಯಿರಿ. ಮುಂದೆ ನಾಯಿಗೆ ಕಲಿಸಬೇಕಾದ ಪಾಠವೆಲ್ಲ ಈ ಪಟ್ಟಿಯಿಂದಲೇ ಬರಬೇಕು.

ಕಾನೂನೂ ಇದೇ ದಾರಿಯಲ್ಲಿದೆ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆ್ಯಕ್ಟ್, ಅಂದರೆ ಎಡಿಎ ಪ್ರಕಾರ, ಅಂಗವೈಕಲ್ಯವುಳ್ಳ ವ್ಯಕ್ತಿಗಾಗಿ ನಿರ್ದಿಷ್ಟ ಕೆಲಸ ಮಾಡಲು ತರಬೇತಿ ಪಡೆದ ನಾಯಿಯೇ ಸೇವಾಶ್ವಾನ. ಪಕ್ಕದಲ್ಲಿದ್ದು ಸಮಾಧಾನ ಕೊಡುವುದಷ್ಟೇ ನಾಯಿಯ ಪಾತ್ರವಾದರೆ ಈ ಕಾನೂನಿನ ರಕ್ಷಣೆ ಸಿಗುವುದಿಲ್ಲ. ನೋಂದಣಿ, ಗುರುತಿನ ಚೀಟಿ, ವಿಶೇಷ ಜಾಕೆಟ್ ಯಾವುದೂ ಕಡ್ಡಾಯವಲ್ಲ. ಹಣ ಪಡೆದು ಇಂಟರ್ನೆಟ್‌ನಲ್ಲಿ ಮಾರುವ ಪ್ರಮಾಣಪತ್ರಗಳಿಂದ ಯಾವ ಹಕ್ಕೂ ಬರುವುದಿಲ್ಲವಾದ್ದರಿಂದ ಅವಕ್ಕೆ ಒಂದು ಡಾಲರನ್ನೂ ಕೊಡಬೇಡಿ. ಅಗತ್ಯ ಮೇಲ್ನೋಟಕ್ಕೆ ತಿಳಿಯದಿದ್ದಾಗ ಅಂಗಡಿ, ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು: ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಬೇಕಾದ ಸೇವಾಶ್ವಾನವೇ, ಮತ್ತು ಇದಕ್ಕೆ ಯಾವ ಕೆಲಸ ಕಲಿಸಲಾಗಿದೆ. ಕಾಯಿಲೆ ಏನೆಂದು ಕೇಳುವಂತಿಲ್ಲ. ಅಲ್ಲಿ ಹೋಟೆಲ್, ಮೋಟೆಲ್ ನಡೆಸುತ್ತಿರುವ ನಮ್ಮವರು ತಮ್ಮ ಕೆಲಸಗಾರರಿಗೂ ಇದನ್ನು ತಿಳಿಸಿಕೊಡಬೇಕು.

ನಾಯಿ ಪಡೆಯಲು ಸುರಕ್ಷಿತ ದಾರಿಯೆಂದರೆ ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಮಾನ್ಯತೆ ಪಡೆದ ಸಂಸ್ಥೆಗೆ ಅರ್ಜಿ ಹಾಕುವುದು. ನ್ಯೂಯಾರ್ಕ್ ರಾಜ್ಯದ ಸ್ಮಿತ್‌ಟೌನ್‌ನಲ್ಲಿರುವ ಅಮೆರಿಕಾಸ್ ವೆಟ್‌ಡಾಗ್ಸ್, ಫ್ಲೋರಿಡಾದ ಕೆ9ಸ್ ಫಾರ್ ವಾರಿಯರ್ಸ್, ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಆರಂಭವಾದ ಕನೈನ್ ಕಂಪ್ಯಾನಿಯನ್ಸ್ ಇವು ಮಾಜಿ ಸೈನಿಕರಿಗೆ ಶುಲ್ಕವಿಲ್ಲದೆ ನಾಯಿ ಕೊಡುತ್ತವೆ, ಆದರೆ ಕಾಯಬೇಕಾದ ಅವಧಿ ದೀರ್ಘ. ಸರ್ಕಾರದ ವೆಟರನ್ಸ್ ಅಫೇರ್ಸ್ ಇಲಾಖೆ ತಾನೇ ನಾಯಿ ಕೊಡುವುದಿಲ್ಲ. ಮಾನ್ಯತೆ ಪಡೆದ ಸಂಸ್ಥೆಯಿಂದ ಬಂದ ನಾಯಿಗೆ, ಅರ್ಹತೆ ಇದ್ದರೆ, ಪಶುವೈದ್ಯ ವೆಚ್ಚದ ವಿಮೆ ಒದಗಿಸುತ್ತದೆ. ಸ್ವಂತವಾಗಿ ತರಬೇತಿ ಕೊಡಲು ಎಡಿಎ ಅವಕಾಶ ಕೊಡುತ್ತದೆ, ಆದರೆ ಈ ವಿಮೆಯ ಆಸೆ ಬಿಡಬೇಕಾಗುತ್ತದೆ. ಅದೂ ಅಲ್ಲದೆ ತರಬೇತಿಯ ಹಂತದಲ್ಲಿರುವ ನಾಯಿಗೆ ಎಡಿಎ ರಕ್ಷಣೆ ಇಲ್ಲ. ಅದನ್ನು ಎಲ್ಲಿಗೆಲ್ಲ ಕರೆದೊಯ್ಯಬಹುದು ಎಂಬುದನ್ನು ಆಯಾ ರಾಜ್ಯದ ಕಾನೂನು ನೋಡಿ ತಿಳಿಯಬೇಕು. 2021ರ ಆಗಸ್ಟ್‌ನಲ್ಲಿ ಸಹಿಯಾದ ‘ಪಾಸ್’ (PAWS) ಎಂಬ ಕಾಯ್ದೆಯಂತೆ, ಪಿಟಿಎಸ್‌ಡಿ, ಅಂದರೆ ಯುದ್ಧದಂಥ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ ಇರುವ ಮಾಜಿ ಸೈನಿಕರು ನಾಯಿಗಳಿಗೆ ತರಬೇತಿ ಕೊಡುವುದನ್ನೇ ಚಿಕಿತ್ಸೆಯಾಗಿ ಬಳಸುವ ಐದು ವರ್ಷಗಳ ಪ್ರಾಯೋಗಿಕ ಯೋಜನೆಯನ್ನೂ ಇಲಾಖೆ ಕೈಗೊಂಡಿತು.

ನಾಯಿ ಬಂದಿತೆಂದು ಚಿಕಿತ್ಸೆ ನಿಲ್ಲಿಸಬಾರದು. ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು 156 ಮಂದಿಯನ್ನು ಮೂರು ತಿಂಗಳು ಗಮನಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಸೇವಾಶ್ವಾನವನ್ನೂ ಪಡೆದವರಲ್ಲಿ ಪಿಟಿಎಸ್‌ಡಿ, ಆತಂಕ, ಖಿನ್ನತೆ ಮೂರರ ತೀವ್ರತೆಯೂ ಕಡಿಮೆಯಿತ್ತು. ಚಿಕಿತ್ಸೆಯ ‘ಜೊತೆಗೆ’ ಎಂಬುದನ್ನು ಮನೆಯವರು ಮರೆಯಬಾರದು.

ಸ್ವಂತವಾಗಿ ಆಯ್ಕೆ ಮಾಡುವವರು ಅಂದಕ್ಕಿಂತ ಸ್ವಭಾವವನ್ನು ನೋಡಬೇಕು. ಪಾತ್ರೆಯೊಂದು ಸದ್ದುಮಾಡುತ್ತ ಬಿದ್ದಾಗ ಯಾವ ನಾಯಿಯೂ ಬೆಚ್ಚುತ್ತದೆ; ಕೆಲವೇ ಕ್ಷಣಗಳಲ್ಲಿ ಸಾವರಿಸಿಕೊಂಡು ಅದರ ಬಳಿಗೆ ಬಂದು ಮೂಸಿ ನೋಡುವ ನಾಯಿ ನಿಮಗೆ ಬೇಕಾದದ್ದು. ಮಂಚದ ಕೆಳಗೆ ಸೇರಿಕೊಳ್ಳುವುದೂ ಬೇಡ, ಹಲ್ಲು ಕಿರಿದು ನಿಲ್ಲುವುದೂ ಬೇಡ. ಮನುಷ್ಯರಿಗೆ ಆಸರೆಯಾಗಿ ನಿಲ್ಲುವ ಕೆಲಸವಿದ್ದರೆ ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ ಮಾಡಿಸದೆ, ಮೂಳೆಯ ಬೆಳವಣಿಗೆ ಮುಗಿಯದೆ ಭಾರ ಹಾಕಲೇಬಾರದು. ಮರಿಯಿಂದ ಆರಂಭಿಸಿದರೆ ಪೂರ್ತಿ ಸಿದ್ಧವಾಗಲು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ.

ಇನ್ನು ಕಲಿಸುವ ಕ್ರಮ. ಎಲ್ಲಕ್ಕೂ ತಳಹದಿ, ಅಂಗೈಗೆ ಮೂಗು ತಾಗಿಸುವ ಸಣ್ಣ ಪಾಠ. ಅಂಗೈಯನ್ನು ನಾಯಿಯ ಮುಖದ ಹತ್ತಿರ ಹಿಡಿಯಿರಿ. ಅದು ಕುತೂಹಲದಿಂದ ಮೂಗು ತಾಗಿಸಿದ ಕ್ಷಣದಲ್ಲೇ ಕ್ಲಿಕ್ಕರ್ (ಒತ್ತಿದರೆ ಟಕ್ ಎಂದು ಸದ್ದುಮಾಡುವ ಪುಟ್ಟ ಸಾಧನ) ಒತ್ತಿ ಒಂದು ತುಣುಕು ತಿನಿಸು ಕೊಡಿ. ಕ್ಲಿಕ್ಕರ್ ಇಲ್ಲದವರು ಚಿಕ್ಕದೊಂದು ಮೆಚ್ಚುಗೆಯ ಮಾತನ್ನೇ ಬಳಸಬಹುದು, ಆದರೆ ಪ್ರತಿಬಾರಿಯೂ ಅದೇ ಮಾತಿರಬೇಕು. ಒಮ್ಮೆಗೆ ಐದು ನಿಮಿಷ ಸಾಕು. ಗದರುವುದು, ಸರಪಳಿ ಎಳೆಯುವುದು ಇಲ್ಲಿ ಕೆಲಸಕ್ಕೆ ಬಾರದು. ಒಡೆಯನ ಆತಂಕ ಏರಿದಾಗಲೇ ಹತ್ತಿರ ಬರಬೇಕಾದ ನಾಯಿಗೆ ಅವನ ಕೈಯ ಭಯವಿರಕೂಡದು.

ಕೆಟ್ಟ ಕನಸಿನಿಂದ ಎಬ್ಬಿಸುವುದನ್ನು ಈ ಪಾಠದ ಮೇಲೆಯೇ ಕಟ್ಟಬಹುದು. ಹಗಲಿನಲ್ಲಿ ಹಾಸಿಗೆಯ ಮೇಲೆ ಮಲಗಿ, ಕೈಯನ್ನು ಮಂಚದ ಅಂಚಿನಿಂದ ಕೆಳಗೆ ಬಿಟ್ಟು, ನಾಯಿ ಅದನ್ನು ಮುಟ್ಟುವಂತೆ ಹೇಳಿ. ಅದು ರೂಢಿಯಾದ ಮೇಲೆ ಕನಸಿನಲ್ಲಿ ಆಗುವಂತೆಯೇ ಕಾಲು ಝಾಡಿಸಿ, ಹೊದಿಕೆ ಎಳೆದಾಡಿ, ನರಳಿ, ತಕ್ಷಣ ಮುಟ್ಟುವ ಆಜ್ಞೆ ಕೊಡಿ. ಕೆಲವು ದಿನಗಳಲ್ಲಿ ನಾಯಿ ಆಜ್ಞೆಗೆ ಕಾಯದೆ ಹೊರಳಾಟ ಕಂಡೊಡನೆ ಏಳುತ್ತದೆ. ಆ ದಿನದಿಂದ ಆಜ್ಞೆಯನ್ನು ಕೈಬಿಡಿ. ಆಮೇಲೆ ದೀಪ ಮಂದ ಮಾಡಿ, ಕೊನೆಗೆ ಕತ್ತಲೆಯಲ್ಲಿ ಅಭ್ಯಾಸ ಮಾಡಿಸಿ. ತಿನಿಸಿನ ಡಬ್ಬಿ ಮಂಚದ ಪಕ್ಕದಲ್ಲೇ ಇರಲಿ, ನಿಜವಾದ ಕನಸಿನಿಂದ ಎಬ್ಬಿಸಿದ ರಾತ್ರಿ ಬಹುಮಾನ ತಪ್ಪಬಾರದು. ಒಂದು ಎಚ್ಚರಿಕೆ ಅತಿ ಮುಖ್ಯ: ನಾಯಿ ಮುಖದ ಮೇಲೆ ಬಗ್ಗದೆ ಕೈಯನ್ನೋ ಪಾದವನ್ನೋ ಮುಟ್ಟಿ ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ಕಲಿಯಬೇಕು. ಯುದ್ಧದ ಕನಸಿನಿಂದ ಥಟ್ಟನೆ ಎಚ್ಚರಗೊಂಡವರು ಅರಿವಿಲ್ಲದೆ ಕೈ ಬೀಸುವುದುಂಟು, ಮತ್ತು ಅಂಥ ಒಂದೇ ಪೆಟ್ಟು ತಿಂಗಳುಗಳ ತರಬೇತಿಯನ್ನು ಹಾಳುಮಾಡಬಲ್ಲದು.

ಹಗಲಿನ ಆತಂಕಕ್ಕೂ ಇದೇ ದಾರಿ. ಆತಂಕ ಏರುವ ಮೊದಲು ಪ್ರತಿಯೊಬ್ಬರ ಮೈಯಲ್ಲಿ ಒಂದು ಗುರುತು ಕಾಣಿಸಿಕೊಳ್ಳುತ್ತದೆ: ಮೊಣಕಾಲು ಕುಣಿಯುತ್ತದೆ, ಅಂಗೈ ಮುಖವನ್ನು ಉಜ್ಜುತ್ತದೆ, ಬೆರಳು ಚರ್ಮ ಕೀಳುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಆ ಗುರುತನ್ನು ಬೇಕೆಂದೇ ಮಾಡಿ ತೋರಿಸಿ, ನಾಯಿ ಬಂದು ಕೈಗೆ ಮೂಗು ಒತ್ತುವಂತೆ ಕಲಿಸಿ, ಆಮೇಲೆ ತೊಡೆಯ ಮೇಲೆ ತಲೆಯಿಟ್ಟು ಭಾರ ಬಿಡುವುದನ್ನು ಸೇರಿಸಿ.

ಮನೆಗೆ ಕಾಲಿಡುವ ಮೊದಲು ಪ್ರತಿ ಕೋಣೆಯನ್ನೂ ನಾಯಿ ಸುತ್ತಿ ಬರುವುದನ್ನು ಕೆಲವರು ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಚಿಕಿತ್ಸಕರೊಡನೆ ಮಾತನಾಡದೆ ಕಲಿಸಬಾರದು. ಇಲ್ಲದ ಶತ್ರುವನ್ನು ದಿನವೂ ಹುಡುಕಿಸಿದರೆ ಶತ್ರು ಇದ್ದಾನೆಂಬ ನಂಬಿಕೆಯೇ ಗಟ್ಟಿಯಾಗಬಹುದು. ಸಾಲಿನಲ್ಲಿ ಬೆನ್ನ ಹಿಂದೆ ಅಡ್ಡ ನಿಂತು ಸ್ವಲ್ಪ ಜಾಗ ಮಾಡಿಕೊಡುವ ನಾಯಿಯಿಂದಾಗಿ ಒಬ್ಬರು ಅಂಗಡಿಗೆ ಹೋಗುವಂತಾದರೆ ಆ ಕೆಲಸ ಸಾರ್ಥಕ. ವ್ಯಕ್ತಿಯನ್ನು ಹೊರಜಗತ್ತಿಗೆ ಕರೆತರುವ ಕೆಲಸಗಳನ್ನೇ ಮುಂದೆ ಮಾಡಿ.

ಹೊರಗೆ ನಾಯಿ ಇದೆಯೆಂದೇ ಯಾರಿಗೂ ಗೊತ್ತಾಗದಂತಿರಬೇಕು. ಊಟದ ಮೇಜಿನ ಕೆಳಗೆ ಸುಮ್ಮನೆ ಮಲಗುವುದು, ನೆಲಕ್ಕೆ ಬಿದ್ದ ತುತ್ತನ್ನು ಮುಟ್ಟದಿರುವುದು, ಲಿಫ್ಟಿನಲ್ಲಿ ಮೂಲೆ ಹಿಡಿದು ನಿಲ್ಲುವುದು ಇವು ತಿಂಗಳುಗಳ ಅಭ್ಯಾಸದಿಂದ ಮಾತ್ರ ಬರುತ್ತವೆ. ಹತೋಟಿ ತಪ್ಪಿದ ನಾಯಿಯನ್ನು, ಒಡೆಯರು ಸರಿಪಡಿಸದಿದ್ದರೆ, ಹೊರಗೆ ಕಳುಹಿಸುವ ಅಧಿಕಾರ ಅಂಗಡಿಯವರಿಗೆ ಇದೆ. ವಿಮಾನಯಾನಕ್ಕೆ ಎಡಿಎ ಅಲ್ಲ, ಸಾರಿಗೆ ಇಲಾಖೆಯ ಬೇರೆಯೇ ನಿಯಮವಿದೆ. ಅದರ ನಮೂನೆಯನ್ನು ಮುಂಚಿತವಾಗಿ ತುಂಬಿಕೊಡಿ.

ಮನೆಯೊಳಗೆ ಕಷ್ಟದ ವಿಷಯವೆಂದರೆ ಹೆಂಡತಿ, ಮಕ್ಕಳು ನಾಯಿಯನ್ನು ಹಂಚಿಕೊಳ್ಳಬೇಕೆನ್ನುವುದು. ಮೊದಲ ಕೆಲವು ತಿಂಗಳು ಊಟ, ವಾಕಿಂಗ್, ತರಬೇತಿ ಎಲ್ಲವೂ ಆ ಮಾಜಿ ಸೈನಿಕರ ಕೈಯಿಂದಲೇ ಆಗಲಿ. ಜಾಕೆಟ್ ಬಿಚ್ಚಿದ ಮೇಲೆ ಹಿತ್ತಲಲ್ಲಿ ಚೆಂಡು ಹಿಡಿಯುವುದಕ್ಕೂ ಮಕ್ಕಳ ಪಕ್ಕ ಹೊರಳುವುದಕ್ಕೂ ದಿನವೂ ಹೊತ್ತು ಕೊಡಬೇಕು. ಬಿಡುವಿಲ್ಲದ ನಾಯಿ ಬೇಗ ದಣಿಯುತ್ತದೆ.

ಸೇವಾಶ್ವಾನವಿರುವ ಸ್ನೇಹಿತರನ್ನು ಊಟಕ್ಕೆ ಕರೆಯುವ ಅಮೆರಿಕದ ಕನ್ನಡಿಗರು ಒಂದೆರಡು ಸಂಗತಿ ತಿಳಿದಿರಬೇಕು. ಕೇಸರಿಬಾತು, ಪಾಯಸಗಳಲ್ಲಿ ಹಾಕುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಬೆಳ್ಳುಳ್ಳಿಯೂ ಸಲ್ಲವು. ಪ್ರೀತಿಯಿಂದಲೂ ಏನನ್ನೂ ತಿನ್ನಿಸಬೇಡಿ, ಮೈ ಸವರುವ ಮೊದಲು ಒಡೆಯರನ್ನು ಕೇಳಿ. ದೇವಸ್ಥಾನ, ಚರ್ಚುಗಳಂಥ ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ನಿಯಮ ಅನ್ವಯಿಸದ ಕಾರಣ ದೇವಸ್ಥಾನಕ್ಕೆ ಕರೆದೊಯ್ಯುವುದಿದ್ದರೆ ಆಡಳಿತ ಮಂಡಳಿಯನ್ನು ಮೊದಲೇ ವಿಚಾರಿಸಿ. ದೀಪಾವಳಿಗೆ ಪಟಾಕಿ ಹಚ್ಚುವ ಮೊದಲು ನೆರೆಯ ಮಾಜಿ ಸೈನಿಕರಿಗೆ ದಿನ, ಹೊತ್ತು ತಿಳಿಸಿ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ಪಟಾಕಿ ಸದ್ದಿಗೆ ಸಿದ್ಧರಾಗಿರುವವರಿಗೂ ನಮ್ಮ ಹಬ್ಬದ ಸದ್ದು ಅನಿರೀಕ್ಷಿತ.

ಬೇಸಿಗೆಯಲ್ಲಿ ಡಾಂಬರಿನ ಮೇಲೆ ನಡೆಸುವ ಮೊದಲು ನಿಮ್ಮ ಕೈಯ ಹಿಂಬದಿಯನ್ನು ನೆಲಕ್ಕೆ ಇಟ್ಟು ನೋಡಿ. ಏಳು ಸೆಕೆಂಡು ತಾಳಲಾಗದಿದ್ದರೆ ನಾಯಿಯ ಪಾದವೂ ತಾಳದು. ಎಂಟರಿಂದ ಹತ್ತು ವರ್ಷದ ಹೊತ್ತಿಗೆ ಬಹುಪಾಲು ನಾಯಿಗಳು ಕೆಲಸದಿಂದ ನಿವೃತ್ತವಾಗುತ್ತವೆ. ಮೆಟ್ಟಿಲು ಹತ್ತಲು ಹಿಂಜರಿಕೆ, ಕರೆದಾಗ ತಡವಾಗಿ ಏಳುವುದು ಕಂಡ ಕೂಡಲೇ ಪಶುವೈದ್ಯರಿಗೆ ತೋರಿಸಿ, ಎರಡನೆಯ ನಾಯಿಗೆ ಆಗಲೇ ಅರ್ಜಿ ಹಾಕಿ, ಹಳೆಯದು ಅದೇ ಮನೆಯಲ್ಲಿ ಉಳಿಯುವುದೋ ಅಥವಾ ಪರಿಚಿತರ ಮನೆಗೆ ಹೋಗುವುದೋ ಎಂಬುದನ್ನು ಹೊಸದು ಬರುವ ಮೊದಲೇ ಮನೆಮಂದಿ ಕೂತು ನಿರ್ಧರಿಸಿ.