ಊಟದ ಜಗಳ ತೀರುವುದು ಸಂಜೆ ನಾಲ್ಕೂವರೆಗೆ

ಸ್ಕೂಲ್ ವ್ಯಾನ್ ಇಳಿದ ಮಗಳು ಶೂ ಬಿಚ್ಚುವ ಮೊದಲೇ ಕೇಳುತ್ತಾಳೆ, ‘ಅಮ್ಮ, ತಿನ್ನೋಕೆ ಏನಿದೆ?’ ಹೋದ ವರ್ಷದವರೆಗೆ ನನ್ನ ಉತ್ತರ ಬಿಸ್ಕತ್ ಪೊಟ್ಟಣ. ರಾತ್ರಿ ಎಂಟಕ್ಕೆ ಅದೇ ಮಗು ಅನ್ನ ಕೆದಕುತ್ತಾ ಕೂತರೆ, ‘ನಮ್ಮವಳು ಊಟಾನೇ ಮಾಡಲ್ಲ’ ಅಂತ ಊರಿಗೆಲ್ಲ ದೂರು. ಹಸಿವನ್ನು ಕೊಂದವಳು ನಾನೇ ಅಲ್ವಾ?

ಅದಕ್ಕೇ ಮೊದಲ ದಿನವೇ ಅಡುಗೆ ಬದಲಿಸಲು ಹೋಗಬೇಡಿ. ಮೂರು ದಿನ ಸುಮ್ನೆ ಬರೆದಿಡಿ. ಬೆಳಗ್ಗೆಯಿಂದ ರಾತ್ರಿವರೆಗೆ ಮಗುವಿನ ಬಾಯಿಗೆ ಏನೇನು ಹೋಯಿತು, ಎಷ್ಟು ಹೊತ್ತಿಗೆ. ಅಜ್ಜಿ ಕೊಟ್ಟ ಅರ್ಧ ಚಕ್ಕುಲಿಯನ್ನೂ ಬಿಡಬೇಡಿ. ನಮ್ಮ ಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಲೋಟ ಹಾಲು ಕಂಡಿತು. ಹಾಲು ಒಳ್ಳೆಯದೇ, ಆದರೆ ಜಾಸ್ತಿಯಾದರೆ ಹೊಟ್ಟೆ ತುಂಬಿ ಊಟ ಹಿಂದೆ ಬೀಳುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶವೂ ತೀರಾ ಕಡಿಮೆ. ಎರಡು ಲೋಟಕ್ಕೆ ಇಳಿಸಿದೆವು.

ಆಮೇಲೆ ಹೊತ್ತು ಗೊತ್ತುಮಾಡಿ. ಬೆಳಗಿನ ತಿಂಡಿ, ಶಾಲೆಯ ಡಬ್ಬಿ, ಮಧ್ಯಾಹ್ನದ ಊಟ, ನಾಲ್ಕೂವರೆಯದು, ರಾತ್ರಿ ಊಟ. ನಡುವೆ ನೀರು ಮಾತ್ರ. ಇದರಲ್ಲಿ ನಾಲ್ಕೂವರೆಯದೇ ಮುಖ್ಯ. ಆಗ ಮಗುವಿಗೆ ನಿಜವಾಗಿ ಹಸಿವಾಗಿರುತ್ತದೆ, ಎದುರಿಗೆ ಏನಿಟ್ಟರೂ ಹೋಗುತ್ತದೆ. ಅದನ್ನು ಕುರುಕಲು ಅಂದುಕೊಳ್ಳದೆ ಅರ್ಧ ಊಟ ಅಂದುಕೊಳ್ಳಿ. ನಿಂಬೆಹಣ್ಣು ಹಿಂಡಿದ ಕಡಲೆ ಉಸಲಿ (ಹುಳಿ ಇದ್ದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ), ಮೊಸರವಲಕ್ಕಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಬೆಲ್ಲ ಶೇಂಗಾ. ಮಗು ತೀರಾ ಚಿಕ್ಕದಿದ್ದರೆ ಇಡೀ ಶೇಂಗಾ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ನಮ್ಮನೆಯಲ್ಲಿ ಗೆದ್ದಿದ್ದು ರಾಗಿ ದೋಸೆ. ಬೆಳಗ್ಗೆ ಉಳಿದ ಎರಡು ಸೌಟು ದೋಸೆ ಹಿಟ್ಟಿಗೆ ಒಂದು ಸೌಟು ರಾಗಿ ಹಿಟ್ಟು, ಚೂರು ನೀರು, ತುರಿದ ಕ್ಯಾರೆಟ್. ಕಾದ ಕಾವಲಿ ಮೇಲೆ ತೆಳ್ಳಗೆ ಹರಡಿ, ಅಂಚಿಗೆ ತುಪ್ಪ. ಗರಿಯಾದರೆ ಕಪ್ಪು ಬಣ್ಣದ ತಕರಾರು ಏಳುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120.

ಇನ್ನು ತಟ್ಟೆ ಮುಂದಿನ ಮಾತು. ಎಲ್ಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರ ತಜ್ಞೆ ಕೆಲಸವನ್ನು ಹೀಗೆ ಹಂಚುತ್ತಾರೆ: ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರದು. ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದು ಎಂಬುದು ಮಗುವಿನದು. ಕೇಳಲು ಸುಲಭ, ಮಾಡಲು ಕಷ್ಟ. ತುತ್ತು ಹಿಡಿದು ಮನೆಯೆಲ್ಲ ಓಡಾಡಿದ ಕೈ ಸುಮ್ಮನಿರಬೇಕಲ್ಲ! ಒಂದೇ ಚಮಚ ಪಲ್ಯ ಬಡಿಸಿ. ತಿನ್ನದಿದ್ದರೆ ಮಾತಾಡದೆ ತಟ್ಟೆ ಎತ್ತಿ, ಆದರೆ ಬದಲಿಗೆ ನೂಡಲ್ಸ್ ಮಾಡಲು ನಿಲ್ಲಬೇಡಿ. ಅದೇ ಪಲ್ಯ ಮುಂದಿನ ವಾರ ಮತ್ತೆ ಬರಲಿ. ಹೊಸ ರುಚಿ ಒಗ್ಗಲು ಹತ್ತು ಸಲವೂ ಬೇಕಾಗಬಹುದು. ‘ಪಲ್ಯ ತಿಂದರೆ ಚಾಕೊಲೇಟ್’ ಎಂಬ ಲಂಚ ಮಾತ್ರ ಬೇಡ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ನಾವೇ ಕಲಿಸಿದ ಹಾಗಾಗುತ್ತದೆ. ಮೊಬೈಲನ್ನೂ ಬೇರೆ ಕೋಣೆಯಲ್ಲಿಡಿ, ನಿಮ್ಮದನ್ನೂ.

ಅರ್ಧ ಕೆಲಸ ಅಂಗಡಿಯಲ್ಲೇ ಮುಗಿಯುತ್ತದೆ. ಮನೆಗೆ ಬಾರದ ಪೊಟ್ಟಣಕ್ಕೆ ಮನೆಯಲ್ಲಿ ಹಟ ಕಡಿಮೆ. ಪೊಟ್ಟಣ ತಿರುಗಿಸಿ ಹಿಂಭಾಗ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆಯೋ ಗ್ಲೂಕೋಸ್ ಸಿರಪ್ಪೋ ಇದ್ದರೆ ಅಲ್ಲೇ ಇಟ್ಟು ಬನ್ನಿ. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆಯೂ ಸೇರಿ, ದಿನದ ಆಹಾರದಿಂದ ಸಿಗುವ ಶಕ್ತಿಯ ಶೇ 10 ದಾಟಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಂಟು ವರ್ಷದ ಮಗುವಿಗೆ ಶೇ 5 ಎಂದರೆ ಸುಮಾರು ಐದು ಟೀ ಚಮಚ, ಅಂದರೆ 20 ಗ್ರಾಂ. 200 ಮಿಲಿಲೀಟರ್ ಜ್ಯೂಸ್ ಪೊಟ್ಟಣದ ಮೇಲೆ ‘100 ಮಿಲಿಲೀಟರಿಗೆ 13 ಗ್ರಾಂ’ ಎಂದಿದ್ದರೆ ಒಂದೇ ಗುಟುಕಿಗೆ 26. ‘ಹೆಲ್ತ್ ಡ್ರಿಂಕ್’ ಎಂಬ ಮಾತಿಗೂ ಮರುಳಾಗಬೇಡಿ. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಆ ಹೆಸರಿನ ವಿಭಾಗದಿಂದ ಪಾನೀಯಗಳನ್ನು ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು.

ಅಜ್ಜಿ ತಾತನ ಜೊತೆ ಜಗಳ ಬೇಡ. ‘ಚಕ್ಕುಲಿ ಕೊಡಿ, ಆದರೆ ನಾಲ್ಕೂವರೆಗೆ, ತಟ್ಟೆಯಲ್ಲಿ’ ಎಂದರೆ ಒಪ್ಪುತ್ತಾರೆ. ಹಬ್ಬದ ದಿನ ಹೋಳಿಗೆಗೆ ಲೆಕ್ಕ ಇಡಬೇಡಿ.

ಮಗುವಿನ ತೂಕ ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ, ಸದಾ ಸುಸ್ತು ಕಂಡರೆ, ಮನೆಮದ್ದಿನಲ್ಲಿ ದಿನ ಕಳೆಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆ ಮೂರು ದಿನದ ಪಟ್ಟಿ ಜೊತೆಗಿರಲಿ, ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.

ನಮ್ಮವಳು ಹೀರೆಕಾಯಿ ಪಲ್ಯವನ್ನು ಈಗಲೂ ಮುಟ್ಟುವುದಿಲ್ಲ. ರಾಗಿ ದೋಸೆಗೆ ಎರಡು ಸಲ ಹಾಕಿಸಿಕೊಳ್ಳುವ ಚಟ್ನಿ ಅದರ ಸಿಪ್ಪೆಯದೇ. ಯಾರೂ ಬಾಯಿ ಬಿಟ್ಟಿಲ್ಲ.