ಓಸ್ತಿಯಾದ ಗೋಡೆಗಳು, ಅಪ್ಪನ ಕಣ್ಣು

ಅಪ್ಪ ಚಿತ್ರದುರ್ಗದಲ್ಲಿ ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಕಳೆದ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನ ನನ್ನ ಮನೆಗೆ ಬಂದಿದ್ದರು. ಅವರ ಷೆಂಗೆನ್ ವೀಸಾ ಇಟಲಿಗೂ ನಡೆಯುತ್ತದೆ, ಹಾಗಾಗಿ ನಾಲ್ಕು ದಿನ ರೋಮ್‌ಗೆ ಹೊರಟೆವು.

ಮೊದಲ ದಿನ ಕೊಲೋಸಿಯಂ ಮತ್ತು ಹಳೆಯ ರೋಮ್‌ನ ಮುಖ್ಯ ಚೌಕವಾಗಿದ್ದ ಫೋರಂ. ಆನ್‌ಲೈನ್‌ನಲ್ಲಿ ಮುಂಚೆಯೇ ಟಿಕೆಟ್ ತೆಗೆದಿದ್ದೆ. ನಾನು ಫೋನ್ ನೋಡಿಕೊಂಡು ಚಕ್ರವರ್ತಿಗಳ ಹೆಸರು ಓದುತ್ತಾ ಹೋದೆ. ಅಪ್ಪ ಹೂಂ ಹೂಂ ಅನ್ನುತ್ತಿದ್ದರು. ಜನಜಂಗುಳಿ, ಬಿಸಿಲು, ಎಲ್ಲಿ ನೋಡಿದರೂ ಮುರಿದ ಕಂಬ. ಸಂಜೆಯ ಹೊತ್ತಿಗೆ ಇಬ್ಬರಿಗೂ ಸುಸ್ತು. ಆದರೆ ಪ್ಯಾಲಟೈನ್ ಗುಡ್ಡದ ಮೇಲೆ ಒಂದು ಒಡೆದ ಗೋಡೆಯ ಮುಂದೆ ಅವರು ಹತ್ತು ನಿಮಿಷ ನಿಂತಿದ್ದರು. ಅದು ನನ್ನ ಕಣ್ಣಿಗೆ ಬಿತ್ತು. ಅರಮನೆ, ದೇವಸ್ಥಾನ ಸಾಕು, ಜನ ಬದುಕಿದ ಊರಿಗೆ ಹೋಗೋಣ ಅಂತ ಆಗಲೇ ತೀರ್ಮಾನಿಸಿದೆ.

ಆ ಊರು ಓಸ್ತಿಯಾ ಆಂತಿಕಾ. ಹಳೆಯ ರೋಮ್‌ನ ಬಂದರು ಪಟ್ಟಣ, ಟೈಬರ್ ನದಿ ಸಮುದ್ರ ಸೇರುತ್ತಿದ್ದ ಜಾಗ. ಮೆಟ್ರೋ ಬಿ ಲೈನಿನ ಪಿರಾಮಿಡೆ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಪೋರ್ತಾ ಸಾನ್ ಪಾವ್ಲೋ ನಿಲ್ದಾಣ. ಅಲ್ಲಿಂದ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇಳಿದು ರಸ್ತೆಯ ಮೇಲಿನ ಸೇತುವೆ ದಾಟಿದರೆ ನಡೆದೇ ಹೋಗಬಹುದು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಹೋಗಿದ್ದು ಸೋಮವಾರ. ಸೋಮವಾರ ಅಲ್ಲಿ ರಜೆ. ಗೇಟಿನ ತನಕ ಹೋಗಿ ವಾಪಸ್ ಬಂದೆವು. ಅರವತ್ತೆಂಟು ವರ್ಷದ ಅಪ್ಪನನ್ನು ಸುಮ್ನೆ ಅಲೆಸಿದೆ ಅಂತ ತುಂಬಾ ಬೇಜಾರಾಯಿತು. ಆ ಮಧ್ಯಾಹ್ನ ಪಿರಾಮಿಡೆಯ ಹತ್ತಿರವೇ ಇರುವ ಮೋಂತೆ ತೆಸ್ತಾಚ್ಚೋ ನೋಡಿದೆವು. ಅದು ಸುಮಾರು 35 ಮೀಟರ್ ಎತ್ತರದ ಗುಡ್ಡ, ಆದರೆ ಮಣ್ಣಿನದಲ್ಲ. ಸ್ಪೇನ್ ಮತ್ತು ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದ ಮಡಕೆಗಳನ್ನು ಒಡೆದು ಒಟ್ಟಿದ ರಾಶಿ! ಮೇಲೆ ಹತ್ತಲು ಮೊದಲೇ ಅನುಮತಿ ಬೇಕು, ನಾವು ಕೆಳಗಿನಿಂದಲೇ ಸುತ್ತು ಹಾಕಿದೆವು.

ಮಂಗಳವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಓಸ್ತಿಯಾದಲ್ಲಿದ್ದೆವು. ಒಳಗೆ ಹೋಗುತ್ತಿದ್ದಂತೆ ಕಪ್ಪು ಚಪ್ಪಡಿಯ ದೊಡ್ಡ ರಸ್ತೆ, ಡೆಕುಮಾನುಸ್ ಮ್ಯಾಕ್ಸಿಮಸ್. ಚಪ್ಪಡಿಗಳು ಏರುಪೇರು, ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಎರಡೂ ಕಡೆ ಇಟ್ಟಿಗೆ ಗೋಡೆಗಳು. ಪೈನ್ ಮರಗಳ ನೆರಳು. ಜನವೇ ಇಲ್ಲ.

ಈಗ ಫೋನು ನನ್ನ ಜೇಬಿಗೆ ಹೋಯಿತು, ಮಾತು ಅಪ್ಪನದಾಯಿತು.

"ಇಲ್ಲಿ ನೋಡಮ್ಮ, ಇಟ್ಟಿಗೆ ಬರೀ ಮುಖಕ್ಕೆ. ಒಳಗೆಲ್ಲ ಗಾರೆ, ಕಲ್ಲುಚೂರು" ಅಂದರು. ಒಡೆದ ಗೋಡೆಯೊಂದರ ಪಕ್ಕ ನಿಂತರೆ ಅದು ನನಗೂ ಕಂಡಿತು. ಹೊರಗಿನಿಂದ ಉದ್ದನೆಯ ತೆಳು ಇಟ್ಟಿಗೆಯಂತೆ ಕಾಣುವುದು ನಿಜಕ್ಕೂ ತ್ರಿಕೋನದ ತುಂಡು. ಚೌಕದ ಇಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಉದ್ದ ಬದಿಯನ್ನು ಹೊರಗೆ ಮಾಡಿ, ಚೂಪು ಮೂಲೆಯನ್ನು ಒಳಗೆ ಕೂರಿಸಿದ್ದಾರೆ. ಆ ಚೂಪು ಒಳಗಿನ ಗಾರೆಯನ್ನು ಹಲ್ಲಿನ ಹಾಗೆ ಕಚ್ಚಿ ಹಿಡಿಯುತ್ತದೆ. ಒಳಗೆ ಸುಣ್ಣ, ಜ್ವಾಲಾಮುಖಿಯ ಬೂದಿಮಣ್ಣು, ಕಲ್ಲಿನ ಚೂರು. ಇದೇ ರೋಮನ್ನರ ಕಾಂಕ್ರೀಟ್. ಎರಡು ಸಾವಿರ ವರ್ಷ ಹತ್ತಿರವಾದರೂ ಕರಗಿಲ್ಲ.

ಸ್ವಲ್ಪ ಮುಂದೆ ಬೇರೆ ತರಹದ ಗೋಡೆ. ಚಿಕ್ಕ ಚೌಕದ ಕಲ್ಲುಗಳನ್ನು ಓರೆಯಾಗಿ ಜೋಡಿಸಿ ಮೀನಿನ ಬಲೆಯ ಹಾಗೆ ಮಾಡಿದ್ದಾರೆ. ಬಲೆಯಂಥ ಗೋಡೆ ಕಂಡರೆ ಸಾಮಾನ್ಯವಾಗಿ ಹಳೆಯದು. ಪೂರ್ತಿ ಇಟ್ಟಿಗೆ ಮುಖದ್ದು ಹೆಚ್ಚಾಗಿ ಆಮೇಲಿನದು. ಚಕ್ರವರ್ತಿಗಳಾದ ಟ್ರಾಜನ್, ಹೇಡ್ರಿಯನ್ ಕಾಲದಲ್ಲಿ, ಅಂದರೆ ಕ್ರಿ.ಶ. 100ರ ನಂತರ ಊರು ಬೆಳೆದಾಗ ಇಟ್ಟಿಗೆ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಇದೊಂದು ತಿಳಿದರೆ ಸಾಕು, ಯಾವ ಬೋರ್ಡೂ ಇಲ್ಲದೆ ಒಂದೇ ಬೀದಿಯಲ್ಲಿ ಹಳೆಯದು ಹೊಸದು ಬೇರೆ ಮಾಡಬಹುದು. ಎಲ್ಲಿ ಹಳೆ ಬಾಗಿಲು ಮುಚ್ಚಿದ್ದಾರೆ, ಎಲ್ಲಿ ಕಮಾನು ಹಾಕಿ ಭಾರ ಇಳಿಸಿದ್ದಾರೆ, ಎಲ್ಲವನ್ನೂ ಅಪ್ಪ ಬೆರಳು ಮಾಡಿ ತೋರಿಸಿದರು.

ಗೋಡೆಗಳಲ್ಲಿ ಒಂದೇ ಸಾಲಿಗೆ ಸಣ್ಣ ಸಣ್ಣ ಚೌಕ ತೂತುಗಳಿದ್ದವು. ಗಾಳಿಗೆ ಇರಬೇಕು ಅಂದುಕೊಂಡೆ. ಅಪ್ಪ ತಲೆ ಅಲ್ಲಾಡಿಸಿದರು. "ಸಾರುವೆ ಕಟ್ಟೋಕೆ ಕೋಲು ಸಿಕ್ಕಿಸಿದ ತೂತು ಕಣಮ್ಮ. ನಾವೂ ಹೀಗೇ ಬಿಡ್ತಿದ್ವಿ. ಆಮೇಲೆ ಗಿಲಾವು ಮಾಡುವಾಗ ಮುಚ್ಚೋದು." ಆ ತೂತಿನ ಮುಂದೆ ಕೂಲಿಯವರು ನಿಂತು ಕೆಲಸ ಮಾಡಿದ್ದು ಕಣ್ಣಿಗೆ ಕಟ್ಟಿದಂತಾಯಿತು. ಇಡೀ ಪ್ರವಾಸದಲ್ಲಿ ನನ್ನ ಮೈ ಜುಮ್ಮೆಂದ ಕ್ಷಣ ಅದು.

ಉಳಿದದ್ದನ್ನೂ ಬಿಡಬೇಡಿ. ರೊಟ್ಟಿ ಮಾಡುತ್ತಿದ್ದ ಮನೆಯಲ್ಲಿ ಕಪ್ಪು ಲಾವಾ ಕಲ್ಲಿನ ಬೀಸುವ ಕಲ್ಲುಗಳಿವೆ, ಆಳೆತ್ತರಕ್ಕೆ ಸ್ವಲ್ಪವೇ ಕಡಿಮೆ. ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ನಮ್ಮಲ್ಲಿ ಎತ್ತು ಕಟ್ಟಿ ಗಾರೆ ಅರೆಯುತ್ತಿದ್ದ ಗಾಣ ಅಪ್ಪನಿಗೆ ನೆನಪಾಯಿತು. ಡಯಾನಾ ಬೀದಿಯ ತಿಂಡಿ ಅಂಗಡಿಯಲ್ಲಿ ಅಮೃತಶಿಲೆಯ ಕಟ್ಟೆ, ಗೋಡೆಯ ಮೇಲೆ ಅಲ್ಲಿ ಸಿಗುತ್ತಿದ್ದ ತಿನಿಸಿನ ಚಿತ್ರ. ರಂಗಮಂದಿರದ ಹಿಂದಿನ ದೊಡ್ಡ ಚೌಕದಲ್ಲಿ ಹಡಗು ವ್ಯಾಪಾರಿಗಳ ಕಚೇರಿಗಳಿದ್ದವು. ಪ್ರತಿ ಕಚೇರಿಯ ಮುಂದೆ ಕಪ್ಪು ಬಿಳುಪು ಮೊಸಾಯಿಕ್. ಆಫ್ರಿಕಾದ ಸಬ್ರಾಥಾ ಊರಿನವರ ಕಚೇರಿಯ ಮುಂದೆ ಆನೆ!

ಅಲ್ಲೇ ಕೂತು ಅಪ್ಪನಿಗೆ ಚಂದ್ರವಳ್ಳಿಯ ವಿಷಯ ಹೇಳಿದೆ. ಚಿತ್ರದುರ್ಗದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಹೆಸರಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ನೆಪ್ಚೂನ್ ಸ್ನಾನಗೃಹ ನೋಡಿ ನೀರಿನ ತೊಟ್ಟಿಗಳ ಕಡೆಗೆ ಹೋದೆವು. ತೊಟ್ಟಿಯ ಒಳಮೈಗೆ ಕೆಂಪಗಿನ ಗಾರೆ. ಅಪ್ಪನ ಮುಖ ಅರಳಿತು. "ಸುರ್ಕಿ!" ಅಂದರು. ಇಟ್ಟಿಗೆ ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿದರೆ ನೀರು ಒಸರುವುದಿಲ್ಲ. ಕನ್ನಂಬಾಡಿ ಕಟ್ಟೆಗೂ ಸುರ್ಕಿ ಗಾರೆಯನ್ನೇ ಹಾಕಿದ್ದು. ರೋಮ್‌ನವರಿಗೂ ಈ ಉಪಾಯ ಗೊತ್ತಿತ್ತು.

ಊಟಕ್ಕೆ ರೋಮ್‌ನಿಂದಲೇ ರೊಟ್ಟಿ, ಚೀಸ್, ಹಣ್ಣು ಕಟ್ಟಿಕೊಂಡು ಹೋಗಿದ್ದೆವು. ಒಳಗೆ ಕ್ಯಾಂಟೀನ್ ಇದೆ. ಆದರೆ ಪೈನ್ ಮರದ ಕೆಳಗೆ ಕೂತು ತಿಂದದ್ದು ಜಾಸ್ತಿ ಹಿಡಿಸಿತು. ಕನಿಷ್ಠ ಐದು ಗಂಟೆ ಇಟ್ಟುಕೊಳ್ಳಿ. ನಾವು ಏಳು ಗಂಟೆ ಇದ್ದೆವು, ಆದರೂ ದೂರದಲ್ಲಿರುವ ಯಹೂದಿ ಪ್ರಾರ್ಥನಾ ಮಂದಿರದ ತನಕ ಹೋಗಲಾಗಲಿಲ್ಲ. ವಿಮಾನ ನಿಲ್ದಾಣದ ರಸ್ತೆ ಮಾಡುವಾಗ 1961ರಲ್ಲಿ ಸಿಕ್ಕಿದ್ದು ಅದು.

ಟೈಬರ್ 1557ರ ಪ್ರವಾಹದಲ್ಲಿ ದಿಕ್ಕು ಬದಲಿಸಿತು. ಸಮುದ್ರವೂ ಹಿಂದೆ ಸರಿದು ಈಗ ಕೆಲವು ಕಿಲೋಮೀಟರ್ ದೂರದಲ್ಲಿದೆ. ಉತ್ತರಕ್ಕೆ ಪೋರ್ತುಸ್ ಅಂತ ಇನ್ನೊಂದು ಬಂದರಿದೆ. ಚಕ್ರವರ್ತಿ ಕ್ಲಾಡಿಯಸ್ ಶುರು ಮಾಡಿದ್ದು, ಟ್ರಾಜನ್ ಅದಕ್ಕೆ ಆರು ಮೂಲೆಯ ಕೊಳ ಸೇರಿಸಿದ. ಅಲ್ಲಿ ಸಮುದ್ರದ ನೀರಿನೊಳಗೇ ಕಾಂಕ್ರೀಟ್ ಹಾಕಿದ್ದರು ಅಂತ ವಾಪಸ್ ಬರುವ ರೈಲಿನಲ್ಲಿ ಹೇಳಿದೆ. ನೀರಲ್ಲಿ ಗಾರೆ ಹೇಗೆ ಸೆಟ್ಟಾಯಿತು ಅಂತ ಅಪ್ಪ ನಿಲ್ದಾಣ ಬರುವವರೆಗೂ ಕೇಳುತ್ತಲೇ ಇದ್ದರು. ನೇಪಲ್ಸ್ ಕಡೆಯ ಬೂದಿ ಬೆರೆಸಿದರೆ ನೀರಿನೊಳಗೂ ಗಟ್ಟಿಯಾಗುತ್ತದೆ ಅಂದೆ. ಅಷ್ಟಕ್ಕೆ ಅವರಿಗೆ ಸಮಾಧಾನವಾಗಲಿಲ್ಲ, ಕಣ್ಣಾರೆ ನೋಡಬೇಕಂತೆ. ಮುಂದಿನ ಸಲ ಅವರು ಬಂದಾಗ ಮೊದಲು ಪೋರ್ತುಸ್‌ಗೇ ಹೋಗುತ್ತೇವೆ.